ಹಿಮ್ಮಡಿ ತೆರೆದ ಬೂಟು

ರಾಜಾಜಿನಗರದಲ್ಲಿ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದ ಐವತ್ತರ ದಶಕದ ಕೊನೆಯಲ್ಲಿ, ಅಂಥದೊಂದು ಕಾರ್ಖಾನೆಯ ಔಷಧಿ ಕೋಣೆಗೆ ನಾನು ಕಾಂಪೌಂಡರಾಗಿ ಸೇರಿದೆ. ತಗಡು ಒತ್ತುವ ಯಂತ್ರಗಳು ಸಾಲಾಗಿ ಹನ್ನೆರಡು. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಕೈಸನ್ನೆ, ತುಟಿಯಾಟ, ಅಷ್ಟೆ. ಬೆರಳು ಕೊಯ್ದುಕೊಂಡವರಿಗೆ ಟಿಂಚರ್ ಹಚ್ಚಿ ಪಟ್ಟಿ ಕಟ್ಟುವುದು ನನ್ನ ಕೆಲಸ. ಆದರೆ ವಯಸ್ಸು ಇಪ್ಪತ್ತಾರು ನೋಡಿ, ಅಷ್ಟೂ ಜನರ ಕ್ಷೇಮ ನನ್ನ ತಲೆಯ ಮೇಲೇ ಇದೆ ಅನ್ನುವ ಜಂಬ.

ಒಬ್ಬನ ಕಾಲ್ಬೆರಳ ಮೇಲೆ ತಗಡಿನ ಕಟ್ಟು ಬಿದ್ದು ಜಜ್ಜಿಹೋದ ಮೇಲೆ ನಾನು ಮೇನೇಜರ ಬೆನ್ನು ಹತ್ತಿದೆ. ಎಲ್ಲರಿಗೂ ಬೂಟು ಕೊಡಿಸುವ ತನಕ ಬಿಡಲಿಲ್ಲ. ಮುಂದುಗಡೆ ಕಬ್ಬಿಣದ ಟೊಪ್ಪಿ ಇದ್ದ ಗಟ್ಟಿ ಬೂಟುಗಳು ಬಂದವು. ಹೊಸದು ಸವೆದೀತು ಅಂತ ಜನ ಅವನ್ನು ಕೊರಳಿಗೆ ನೇತುಹಾಕಿಕೊಂಡು ಬರಿಗಾಲಲ್ಲಿ ನಡೆದು ಬಂದು, ಗೇಟಿನಲ್ಲಿ ಹಾಕಿಕೊಳ್ಳುತ್ತಿದ್ದರು. ನನಗೆ ನಗುವೂ ಬರುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು.

ಮಲ್ಲತ್ತಹಳ್ಳಿಯಿಂದ ನಡೆದು ಬರುತ್ತಿದ್ದ ಒಬ್ಬರು ಮಾತ್ರ ಬೂಟು ಮುಟ್ಟಲಿಲ್ಲ. ಐವತ್ತು ದಾಟಿದ, ರಾಗಿ ಹೊಲ ಉತ್ತು ಬಂದ ಮನುಷ್ಯ. ಯಂತ್ರಗಳಿಗೆ ಎಣ್ಣೆ ಹಾಕುವುದು, ಕೆಡುವ ಮೊದಲೇ ಮೇಸ್ತ್ರಿಗೆ ತಿಳಿಸುವುದು ಅವರ ಕೆಲಸ. ನನಗೆ ಸಿಟ್ಟು ಬಂತು. ಬೂಟಿಲ್ಲದೆ ಇವರನ್ನು ಒಳಗೆ ಬಿಡಬೇಡ ಅಂತ ಗೇಟಿನವನಿಗೆ ತಾಕೀತು ಮಾಡಿದೆ. ಮರುದಿನದಿಂದ ಅವರೂ ಹಾಕಿಕೊಂಡರು.

ನಾಲ್ಕನೇ ದಿನ ಒಂದು ಯಂತ್ರದ ಬೇರಿಂಗು ಕಾದು ಹೊಗೆಯೆದ್ದಿತು. ಅದು ಕಿರುಗುಟ್ಟುತ್ತಿದ್ದಾಗ ಅವರು ಎಣ್ಣೆ ಡಬ್ಬಿ ಹಿಡಿದು ಪಕ್ಕದಲ್ಲೇ ಹಾದುಹೋಗಿದ್ದನ್ನು ಮೇಸ್ತ್ರಿ ನೋಡಿದ್ದ. ಮೇನೇಜರು ನನ್ನನ್ನು ಕರೆಸಿ, ಕಿವಿ ಪರೀಕ್ಷೆ ಮಾಡಿ, ಕೇಳಿಸದಿದ್ದರೆ ರಿಜಿಸ್ಟರಿನಲ್ಲಿ ‘ಕೆಲಸಕ್ಕೆ ತಕ್ಕವರಲ್ಲ’ ಎಂದು ಬರೆಯಿರಿ ಅಂದರು. ಬರೆದರೆ ಅವತ್ತೇ ಅವರು ಮನೆಗೆ.

ಅವರನ್ನು ಗೋಡೆಗೆ ಮುಖಮಾಡಿ ಕೂರಿಸಿ, ಬೆನ್ನ ಹಿಂದೆ ನಿಂತು ಕೂಗಿದೆ. ಕದಲಲಿಲ್ಲ. ಬೋಗುಣಿಯನ್ನು ನೆಲಕ್ಕೆ ಬೀಳಿಸಿದೆ. ಅದಕ್ಕೂ ಇಲ್ಲ. ಇಷ್ಟು ದಿನ ನನ್ನ ತುಟಿ ನೋಡಿಯೇ ಉತ್ತರ ಕೊಡುತ್ತಿದ್ದರು ಅಂತ ಆಗ ಹೊಳೆಯಿತು. ತಿರುಗಿ ನನ್ನ ಮುಖ ನೋಡಿದೊಡನೆ ಅವರಿಗೂ ಗೊತ್ತಾಯಿತು.

"ಕಿವಿ ಹೋಗಿ ಮೂರು ವರ್ಷ ಆಯ್ತು ಸಾಮಿ," ಅಂದರು. "ಹೇಳಿದ್ರೆ ಮನೆಗೆ ಕಳಿಸ್ತಾರೆ ಅಂತ ಬಾಯಿ ಬಿಡ್ಲಿಲ್ಲ. ಮಿಷಿನ್ ಕೆಟ್ರೆ ನಂಗೆ ಕಾಲು ಹೇಳ್ತಿತ್ತು."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ! ಒಂದೇ ಒಂದು ಸಲ ಬೂಟು ಬಿಚ್ಚಿಸಿ ನೋಡಿ ಸಾರ್ ಅಂತ ಮೇನೇಜರ ಮುಂದೆ ಗೋಗರೆದೆ. ಗೊಣಗುತ್ತಲೇ ಒಪ್ಪಿದರು.

ಅವರು ಬೂಟು ಬಿಚ್ಚಿಟ್ಟು, ಓಡುತ್ತಿದ್ದ ಒಂದೊಂದೇ ಯಂತ್ರದ ಬುಡಕ್ಕೆ ಹಿಮ್ಮಡಿ ಒತ್ತಿ, ಕಣ್ಣು ಮುಚ್ಚಿ, ಮುಂದೆ ಸಾಗಿದರು. ಒಂಬತ್ತನೆಯದರ ಹತ್ತಿರ ನಿಂತುಬಿಟ್ಟರು. ಮೇಸ್ತ್ರಿ ಕಿವಿಗೊಟ್ಟು ಕೇಳಿ, ಇದಕ್ಕೇನೂ ಆಗಿಲ್ಲ ಎಂದು ಕೈಯಾಡಿಸಿದ. ಅವರು ಹಿಂದಿನ ಬೇರಿಂಗನ್ನು ತೋರಿಸಿ, ಇನ್ನು ಎರಡೇ ದಿನ ಅಂತ ಎರಡು ಬೆರಳು ಎತ್ತಿದರು. ಯಂತ್ರ ನಿಲ್ಲಿಸಿ ಬಿಚ್ಚಿಸಿದರೆ, ಒಳಗಿನ ಗುಂಡೊಂದರಲ್ಲಿ ಕೂದಲೆಳೆಯಷ್ಟು ಬಿರುಕು. ನೆಟ್ಟಗೆ ಎರಡೆರಡು ಕಿವಿ ಇದ್ದ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ನಾನೂ ಕದ್ದು ಪಕ್ಕದ ಯಂತ್ರಕ್ಕೆ ಬರಿಗಾಲು ಒತ್ತಿ ನೋಡಿದೆ. ಕಚಗುಳಿಯಾಯಿತು, ಮತ್ತೇನೂ ತಿಳಿಯಲಿಲ್ಲ.

ಮೇನೇಜರು ಗೇಟಿನ ಬಳಿ ಚಪ್ಪಲಿ ಹೊಲಿಯುತ್ತಿದ್ದವನನ್ನು ಕರೆಸಿದರು. ಬೂಟಿನ ಮುಂಭಾಗವನ್ನು ಹಾಗೇ ಬಿಟ್ಟು, ಹಿಮ್ಮಡಿಯ ಕೆಳಗಿನ ಅಟ್ಟೆಯನ್ನು ಕತ್ತರಿಸಿ ತೆಗೆಸಿದರು. ಬೆರಳಿಗೆ ಕಬ್ಬಿಣದ ಕಾವಲೂ ಉಳಿಯಿತು, ಹಿಮ್ಮಡಿಗೆ ಯಂತ್ರವೂ ಸಿಕ್ಕಿತು. ಇಷ್ಟು ಸಣ್ಣ ವಿಷಯ ನನ್ನ ದೊಡ್ಡ ತಲೆಗೆ ಹೊಳೆದಿರಲಿಲ್ಲ.

ರಿಜಿಸ್ಟರು ತೆಗೆದೆ. ಸುಳ್ಳು ಬರೆಯಲಿಲ್ಲ. ‘ಕಿವಿ ಕೇಳಿಸುವುದಿಲ್ಲ. ಕೆಲಸಕ್ಕೆ ತಕ್ಕವರು’ ಎಂದು ಬರೆದು ಮೇನೇಜರ ಸಹಿ ಹಾಕಿಸಿದೆ. ಅವರಿಗೆ ಓದು ಬರುತ್ತಿರಲಿಲ್ಲ; ಏನು ಬರೆದಿರಿ ಎಂದು ಕೇಳಿದರು. ಎದುರಿಗೆ ನಿಂತು, ತುಟಿ ಬಿಡಿಸಿ ಬಿಡಿಸಿ ನಿಧಾನವಾಗಿ ಹೇಳಿದೆ. ಅವರು ನನ್ನ ಬಾಯನ್ನೇ ನೋಡುತ್ತ ನಿಂತಿದ್ದರು.

"ಇನ್ನೊಂದ್ ಕಿತ ಹೇಳಿ ಸಾಮಿ," ಅಂದರು.

ಹೇಳಿದೆ.