ಲೋಕಯ್ಯ ಮತ್ತೆ ಸುರಂಗದೊಳಗೆ ಹೋದದ್ದು

ನಮ್ಮ ಊರು ಎಣ್ಮಕಜೆಯ ಗುಡ್ಡಗಳಲ್ಲಿ ಬಾವಿ ತೋಡಿದರೆ ನೀರು ಸಿಗುವ ಭರವಸೆ ಇಲ್ಲ. ಅದಕ್ಕೇ ಗುಡ್ಡದ ಮೈಯನ್ನು ಅಡ್ಡಕ್ಕೆ ಕೊರೆದು, ಒಬ್ಬ ಬಗ್ಗಿ ನಡೆಯುವಷ್ಟು ದಾರಿ ಮಾಡಿ, ಒಳಗಿನ ಒರತೆಯನ್ನು ಹೊರಗೆ ಹರಿಸುತ್ತೇವೆ. ಲೋಕಯ್ಯ ಇಂಥ ಸುರಂಗಗಳನ್ನು ಕೊರೆಯುವವರು. ನಮ್ಮ ಮನೆಯಲ್ಲಿ ಕುಡಿಯುವುದೂ ಅವರು ಹುಡುಕಿಕೊಟ್ಟ ನೀರನ್ನೇ. ಲೋಕಯ್ಯ ಒಳಗೆ ಪಿಕ್ಕಾಸಿನಿಂದ ಅಗೆದರೆ ಅವರ ಜೊತೆಗಾರ ವಾಸಪ್ಪ ಮಣ್ಣನ್ನು ಬುಟ್ಟಿಯಲ್ಲಿ ಹೊರಗೆಳೆಯುತ್ತಿದ್ದರು. ಇಬ್ಬರೂ ಮದುವೆಗೆ ಮೊದಲಿನಿಂದ ಹಾಗೆಯೇ ದುಡಿದವರು.

ಕೊರೋನಾ ಕಳೆದ ಮರುವರ್ಷ ಒಂದು ಸುರಂಗದಲ್ಲಿ ಗಟ್ಟಿಯಾದ ಕೆಂಪು ಮುರಕಲ್ಲು ಮುಗಿದು ಮೆದು ಮಣ್ಣು ಸಿಕ್ಕಿತು. ಲೋಕಯ್ಯ ಹಿಂದೆ ಸರಿಯುವಷ್ಟರಲ್ಲಿ ಮೇಲಿನಿಂದ ಕುಸಿಯಿತು. ಎದೆಯವರೆಗೆ ಮಣ್ಣು, ಮೇಣದ ಬತ್ತಿ ಆರಿಹೋಯಿತು. ವಾಸಪ್ಪ ಹಾರೆ ಬಳಸಿದರೆ ಮೈಗೆ ತಾಗೀತೆಂದು ಬರಿಗೈಯಲ್ಲೇ ಬಗೆದು ಅವರನ್ನು ಎಳೆದು ತೆಗೆದರು. ಹೊರಗೆ ಬಂದಾಗ ವಾಸಪ್ಪನ ಉಗುರುಗಳಿಂದ ರಕ್ತ ಸುರಿಯುತ್ತಿತ್ತು. ಲೋಕಯ್ಯನಿಗೆ ಒಂದು ಮೂಳೆಯೂ ಮುರಿದಿರಲಿಲ್ಲ. ದೈವ ಕಾಯಿತು ಎಂದರು ಎಲ್ಲರೂ.

ಆದರೆ ಅಂದಿನಿಂದ ಅವರಿಗೆ ಮುಚ್ಚಿದ ಜಾಗ ಆಗದಾಯಿತು. ಬಚ್ಚಲಿನ ಬಾಗಿಲು ಹಾಕಿದರೆ ಉಸಿರು ಕಟ್ಟುತ್ತಿತ್ತು. ಹೆಂಡತಿ ಸುಂದರಿ ಬಾಗಿಲ ಬದಲು ಹಳೆ ಸೀರೆ ಇಳಿಬಿಟ್ಟರು. ಮಳೆಗಾಲದಲ್ಲಿ ಶಟರ್ ಎಳೆದ ಬಸ್ಸು ಹತ್ತಲಾರದೆ ಪೆರ್ಲ ಪೇಟೆಯವರೆಗೂ ನಡೆದೇ ಹೋಗುತ್ತಿದ್ದರು. ಸುರಂಗದ ಕೆಲಸ ಬಿಟ್ಟು ಯಾರದೋ ಅಂಗಳದಲ್ಲಿ ಅಡಿಕೆ ಸುಲಿಯಲು ಕುಳಿತರು. ಎಲ್ಲಕ್ಕಿಂತ ಕಷ್ಟದ್ದೆಂದರೆ, ವಾಸಪ್ಪನನ್ನು ಕಂಡರೂ ಅವರ ಎದೆ ಹಿಂಡುತ್ತಿತ್ತು. ಗೆಳೆಯನ ಬಟ್ಟೆಯ ಒದ್ದೆಮಣ್ಣಿನ ವಾಸನೆಗೆ ಆ ಕತ್ತಲೆ ಕಣ್ಣೆದುರು ಬರುತ್ತಿತ್ತು. ವಾಸಪ್ಪ ಬಂದರೆ ಲೋಕಯ್ಯ ಹಿತ್ತಿಲಿಗೆ ಹೋಗಿಬಿಡುತ್ತಿದ್ದರು. ಜೀವ ಉಳಿಸಿದವನಿಗೆ ಒಂದು ಮಾತನ್ನೂ ಹೇಳಿರಲಿಲ್ಲ. ಕೊನೆಗೆ ವಾಸಪ್ಪ ಬರುವುದನ್ನೇ ನಿಲ್ಲಿಸಿದರು.

ಮಗಳು ಯಶ್ಮಿತಾ ಮಂಗಳೂರಿನ ಆಸ್ಪತ್ರೆಯಲ್ಲಿ ಹೆತ್ತಳು. ಎ.ಸಿ. ಕೋಣೆ. ಮೊಮ್ಮಗಳನ್ನು ಎತ್ತಿಕೊಂಡಿದ್ದಾಗ ಯಾರೋ ಬಾಗಿಲು ಮುಚ್ಚಿದರು. ಲೋಕಯ್ಯ ಮಗುವನ್ನು ಸುಂದರಿಯ ಕೈಗಿಟ್ಟು ಓಡಿ, ಕೆಳಗಿನ ವಾಹನ ನಿಲ್ಲಿಸುವ ಜಾಗದಲ್ಲಿ ಕುಳಿತು ಅತ್ತರು. ಅಲ್ಲಿಯವರೆಗೆ "ನನಗೆಂತ ಹುಚ್ಚಾ?" ಎಂದು ಹಟ ಮಾಡುತ್ತಿದ್ದವರು ಆ ದಿನ, ಆಸ್ಪತ್ರೆಗೆ ತೋರಿಸೋಣ ಎಂಬ ಸುಂದರಿಯ ಮಾತಿಗೆ ಒಪ್ಪಿದರು.

ನಮ್ಮ ಊರಿನ ಹತ್ತಿರದ ಸರಕಾರಿ ಆಸ್ಪತ್ರೆಗೆ ವಾರಕ್ಕೊಮ್ಮೆ ದೀಪಶ್ರೀ ಎಂಬ ಮನಶ್ಶಾಸ್ತ್ರಜ್ಞೆ ಬರುತ್ತಿದ್ದರು. ಅವರು ಮಾತ್ರೆ ಬರೆಯಲಿಲ್ಲ. ನಡೆದದ್ದನ್ನೆಲ್ಲ ಹೇಳಿಸಿದರು.

"ಬಚ್ಚಲಲ್ಲಿ ಹೆದರಿಕೆ ಆದಾಗ ಎಂತ ಮಾಡ್ತೀರಿ?"

"ಹೊರಗೆ ಓಡ್ತೇನೆ."

"ಓಡಿದ ಕೂಡ್ಲೇ ಸಮಾಧಾನ ಆಗ್ತದಲ್ಲ? ಅದಕ್ಕೇ ಮನಸ್ಸು, ಓಡಿದ್ದರಿಂದ ಬದುಕಿದೆ ಅಂತ ನಂಬಿದೆ. ಇನ್ನು ಓಡುವುದು ಬೇಡ. ಹೆದರಿಕೆ ಬರ್ಲಿ. ಅದು ತಾನಾಗಿ ಇಳಿಯುವವರೆಗೆ ನೀವು ಅಲ್ಲೇ ಇರಿ."

"ಸತ್ತೇ ಹೋದರೆ ಮೇಡಂ?"

"ಎದೆ ಹೊಡ್ಕೊಳ್ತದೆ, ಬೆವರ್ತದೆ. ನಿಮ್ಮ ಇ.ಸಿ.ಜಿ. ಇಲ್ಲಿನ ಡಾಕ್ಟರು ನೋಡಿದ್ದಾರೆ, ಹೃದಯ ಚಂದ ಉಂಟು. ಸಾಯುವುದಿಲ್ಲ."

ಸುಲಭದ್ದರಿಂದ ಶುರು. ಮೊದಲು ಬಚ್ಚಲಿನ ಬಾಗಿಲು ಅರ್ಧ ಹಾಕಿ ನಿಂತರು, ಆಮೇಲೆ ಪೂರ್ತಿ. ಸುಂದರಿ ಹೊರಗೆ ಬೀಡಿ ಕಟ್ಟುತ್ತಾ ಕುಳಿತಿರುತ್ತಿದ್ದರು, ಆದರೆ ಮಾತಾಡುವಂತಿರಲಿಲ್ಲ. "ಒಳಗೆ ಅವರು ಏದುಸಿರು ಬಿಡುವುದು ಕೇಳ್ತಿತ್ತು. ಬಾಗಿಲು ತೆಗೆಯದೆ ಕೂತುಕೊಳ್ಳುವುದು ನನಗೂ ಒಂದು ಪರೀಕ್ಷೆಯೇ," ಎಂದು ಆಕೆ ನನ್ನ ಹೆಂಡತಿಯ ಹತ್ತಿರ ಹೇಳಿದ್ದರು. ಅದರ ನಂತರದ ಹೆಜ್ಜೆ ಬಸ್ಸು. ಒಮ್ಮೆ ಅರ್ಧದಲ್ಲೇ ಇಳಿದುಬಿಟ್ಟು, ಮುಂದಿನ ವಾರ ಆಸ್ಪತ್ರೆಗೆ ಹೋಗುವುದಿಲ್ಲವೆಂದರು. ಸುಂದರಿ ಬೈದು ಕಳಿಸಿದರು. ದೀಪಶ್ರೀ ಬೈಯಲಿಲ್ಲ. "ಇಳಿದರೆ ಮುಂದಿನ ಬಸ್ಸು ಹತ್ತಿದರಾಯ್ತು," ಎಂದರಷ್ಟೆ.

ಬಸ್ಸು ಅಭ್ಯಾಸವಾದ ಮೇಲೆ ಒಂದು ದಿನ ದೀಪಶ್ರೀ ಕೇಳಿದರು: "ವಾಸಪ್ಪನವರ ಮನೆಗೆ ಹೋಗ್ತೀರಾ?"

ಲೋಕಯ್ಯ ಹೋದರು. ವಾಸಪ್ಪ ಆಗಷ್ಟೇ ಕೆಲಸದಿಂದ ಬಂದಿದ್ದರು, ಮೈಯೆಲ್ಲ ಮಣ್ಣು. ಆ ವಾಸನೆಗೆ ಲೋಕಯ್ಯನಿಗೆ ಅದೇ ಹೆದರಿಕೆ ಎದ್ದಿತು. ಜಗಲಿಯ ಕಂಬ ಹಿಡಿದು ಅಲ್ಲೇ ಕುಳಿತರು, ಎದ್ದು ಹೋಗಲಿಲ್ಲ. ವಾಸಪ್ಪ ಬೆಲ್ಲ, ನೀರು ತಂದಿಟ್ಟು ಎದುರು ಕುಳಿತರು. ಹೆದರಿಕೆ ಇಳಿದ ಮೇಲೆ ಲೋಕಯ್ಯ ಗೆಳೆಯನ ಕೈ ಹಿಡಿದು ಉಗುರು ನೋಡಿದರು. ಒಂದೆರಡು ಸೊಟ್ಟಗೆ ಬೆಳೆದಿದ್ದವು.

"ನಿನಗೆ ನಾನು ಎಂತದೂ ಹೇಳಲಿಲ್ಲ ವಾಸಪ್ಪ. ನೀನು ಇಲ್ಲದಿದ್ದರೆ ನಾನಿಲ್ಲ."

"ನನ್ನ ಮೇಲೆ ಕೋಪ ಅಂತ ತಿಳ್ಕೊಂಡಿದ್ದೆ ಮಾರಾಯ," ಎಂದರು ವಾಸಪ್ಪ. ಅವರ ಕಣ್ಣಲ್ಲೂ ನೀರು. "ತೆಗೀಲಿಕ್ಕೆ ತಡ ಮಾಡಿದೆ ಅಂತ."

ಕಡೆಯ ಹೆಜ್ಜೆ ಸುರಂಗ. ದೀಪಶ್ರೀ ಮೊದಲೇ ಹೇಳಿದ್ದರು, ಅಪಾಯದ ಜಾಗ ಬೇಡ, ಗಟ್ಟಿಯಾದದ್ದೇ ಆಗಬೇಕು. ವಾಸಪ್ಪ ಆರಿಸಿದ್ದು ನಮ್ಮ ಮನೆಯ ಸುರಂಗವನ್ನು. ಅದು ಪೂರ್ತಿ ಮುರಕಲ್ಲಿನದು. ಲೋಕಯ್ಯ ಕೆಲವು ದಿನ ಅದರ ಬಾಯಿಯ ಹತ್ತಿರ ಕುಳಿತರು, ಆಮೇಲೆ ಬೆಳಕು ಕಾಣುವಷ್ಟು ಒಳಗೆ. ಒಂದು ಬೆಳಿಗ್ಗೆ ಬೆಳಕು ಮರೆಯಾಗುವ ತಿರುವನ್ನೂ ದಾಟಿ ಹೋದರು. ನಾನೂ ವಾಸಪ್ಪನೂ ಹೊರಗೆ ಕಾದೆವು. ತುಂಬ ಹೊತ್ತು ಸದ್ದಿಲ್ಲ. ನಾನು ಎದ್ದಾಗ ವಾಸಪ್ಪ ನನ್ನ ಅಂಗಿ ಹಿಡಿದು ಕೂರಿಸಿದರು. ಆಮೇಲೆ ಒಳಗಿನಿಂದ ಕೆಸರು ಗೋರುವ ಸದ್ದು ಕೇಳಿತು. ನೀರು ಕೆಂಪಗಾಗಿ ಹರಿದು, ನಿಧಾನವಾಗಿ ತಿಳಿಯಾಯಿತು. ಲೋಕಯ್ಯ ಬಗ್ಗಿಕೊಂಡು ಹೊರಗೆ ಬಂದು, "ಕಸ ಕಟ್ಟಿತ್ತು, ತೆಗೆದೆ," ಎಂದರು. ಮುಖ ಬೆವರಿತ್ತು. ನಗುತ್ತಿದ್ದರು.

ಈಗ ಅವರು ಹೊಸ ಸುರಂಗ ಕೊರೆಯುವುದಿಲ್ಲ. ವಾಸಪ್ಪನ ಜೊತೆ ಹಳೆಯದರ ಹೂಳು ತೆಗೆಯುತ್ತಾರೆ. ಹೆದರಿಕೆ ಪೂರ್ತಿ ಹೋಯಿತೇ ಎಂದರೆ, ಬರ್ತದೆ, ಬಂದು ಹೋಗ್ತದೆ ಎನ್ನುತ್ತಾರೆ.

ಕಳೆದ ವರ್ಷ ದೀಪಶ್ರೀಯವರಿಗೆ ಬೇರೆ ಕಡೆಗೆ ವರ್ಗವಾಯಿತು. ಗಂಡ ಹೆಂಡತಿ ಇಬ್ಬರೂ ಹಲಸಿನಹಣ್ಣು ಹೊತ್ತು ಆಸ್ಪತ್ರೆಗೆ ಹೋದರು.

"ಇದೆಲ್ಲ ಎಂತಕ್ಕೆ? ಕಷ್ಟಪಟ್ಟದ್ದು ನೀವಲ್ಲವಾ?" ಎಂದರು ದೀಪಶ್ರೀ.

"ಹಾಗೆ ಹೇಳಬೇಡಿ ಮೇಡಂ," ಎಂದರು ಲೋಕಯ್ಯ. "ಕೂತದ್ದು ನಾನು, ಹೌದು. ಕೂತುಕೋ ಅಂತ ಹೇಳುವವರು ಬೇಕಿತ್ತಲ್ಲ."