ಉಸ್ತಾ ಚಾಸಿಬ್ ಎದುರು ಕೆಡದ ಕಾರು

ಬೆಳಗಿನ ನಮಾಜು ಮುಗಿದಿದೆ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ರಾದ ಗ್ಯಾರೇಜು ಬೀದಿಯಲ್ಲಿ ಒಂದೇ ಒಂದು ಷಟರ್ ಮೇಲೆದ್ದಿದೆ. ಒಳಗೆ ಎಸಿ ರಿಪೇರಿಯ ಉಸ್ತಾ ಚಾಸಿಬ್ ಹಳೆಯ ಟ್ಯಾಕ್ಸಿಯೊಂದರ ಬಾನೆಟ್ಟಿನಲ್ಲಿ ಸೊಂಟದವರೆಗೂ ಇಳಿದುಬಿಟ್ಟಿದ್ದಾರೆ. ಹೊರಗೆ ಕಾಣುವುದು ಎರಡು ಕಾಲು ಮತ್ತು ಸವೆದ ಚಪ್ಪಲಿ ಮಾತ್ರ. ಒಳಗಿನಿಂದ ಪ್ರಶ್ನೆಗಳು ಬರುತ್ತಿವೆ. ಎಸಿ ನಿಲ್ಲುವುದು ಯಾವಾಗ? ಗುಂಡಿಗೆ ಬಿದ್ದಾಗಲೋ, ಸೇತುವೆ ಏರುವಾಗಲೋ? ಟ್ಯಾಕ್ಸಿಯವನದು ಎಲ್ಲದಕ್ಕೂ ಒಂದೇ ಉತ್ತರ: ಒಮ್ಮೊಮ್ಮೆ.

“ಒಮ್ಮೊಮ್ಮೆ ಅಂತ ಯಾವ ಕಾಯಿಲೇನೂ ಇಲ್ಲ ಕಣಪ್ಪ,” ಎನ್ನುತ್ತಾ ಉಸ್ತಾ ತಲೆ ಹೊರಗೆ ತೆಗೆಯುತ್ತಾರೆ. “ಅದಕ್ಕೊಂದು ಹೊತ್ತು ಇರುತ್ತೆ, ಒಂದು ಜಾಗ ಇರುತ್ತೆ. ನೀನು ನೋಡಿಲ್ಲ ಅಷ್ಟೆ.”

ಅವರು ಒಂದೊಂದೇ ವೈರನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾ ಹೋಗುತ್ತಾರೆ. ಒಂದು ಕಡೆ ಕಂಪ್ರೆಸರ್ ಟಕ್ಕೆಂದು ಬಿಟ್ಟುಕೊಳ್ಳುತ್ತದೆ, ಮತ್ತೆ ಟಕ್ಕೆಂದು ಹಿಡಿಯುತ್ತದೆ. ಮೇಲಿನ ಪ್ಲಾಸ್ಟಿಕ್ ಗಟ್ಟಿಮುಟ್ಟಾಗಿದೆ, ಒಳಗಿನ ತಂತಿ ಮಾತ್ರ ತುಂಡಾಗಿದೆ. ಗಾಡಿ ಕುಲುಕಿದಾಗ ದೂರವಾಗಿ, ಮತ್ತೊಮ್ಮೆ ಕುಲುಕಿದಾಗ ಒಂದಾಗುವ ತುಂಡು. ಬೇರೆಡೆ ಈ ಗಾಡಿಗೆ ಮೂರು ಸಲ ಗ್ಯಾಸ್ ತುಂಬಿಸಿದ್ದರಂತೆ. ಉಸ್ತಾ ಯಾರನ್ನೂ ಬೈಯುವುದಿಲ್ಲ, ತಂತಿ ಬೆಸೆದು ಕೈ ಒರೆಸಿಕೊಳ್ಳುತ್ತಾರೆ.

ಇಷ್ಟು ಬೇಗ ಬಾಗಿಲು ತೆರೆಯುವುದು ಭಕ್ತಿಯಿಂದಲ್ಲ, ಬಿಸಿಲಿನ ಭಯದಿಂದ. ಹೊತ್ತೇರಿದರೆ ಇಲ್ಲಿ ಕಬ್ಬಿಣ ಮುಟ್ಟುವ ಹಾಗಿಲ್ಲ. ಅವರ ಮೊಣಕೈಯವರೆಗಿನ ಸುಟ್ಟ ಕಲೆಗಳನ್ನು ನೋಡಿದರೆ ಪ್ರತಿ ಬೇಸಿಗೆಯೂ ಬಂದು ರುಜು ಹಾಕಿ ಹೋದಂತಿದೆ. ಬೇಸಿಗೆಯಲ್ಲಿ ದಿನಕ್ಕೆ ಎಂಟು ಹತ್ತು ಗಾಡಿ, ಚಳಿಗಾಲದಲ್ಲಿ ನೊಣ ಹೊಡೆಯುವ ಕೆಲಸ. ಜೂನ್ ತಿಂಗಳಲ್ಲಿ ಇವರನ್ನು ತಬ್ಬಿ ಮುತ್ತಿಕ್ಕುವ ಜನ ಜನವರಿಯಲ್ಲಿ ಎದುರು ಸಿಕ್ಕರೂ ಗುರುತು ಹಿಡಿಯುವುದಿಲ್ಲ ಎಂದು ಹೇಳಿಕೊಂಡು ತಾವೇ ನಗುತ್ತಾರೆ.

ಕೆಲಸ ಕಲಿತದ್ದು ನದಿ ದಂಡೆಯ ಮಂಜುಗಡ್ಡೆ ಕಾರ್ಖಾನೆಯಲ್ಲಿ. ಕೈ ಪಳಗಿದ್ದು ದಿಗ್ಬಂಧನದ ವರ್ಷಗಳಲ್ಲಿ. ಹೊರಗಿನಿಂದ ಒಂದು ಬೋಲ್ಟೂ ಬಾರದ ಆ ದಿನಗಳಲ್ಲಿ ಸತ್ತ ಫ್ರಿಜ್ಜಿನ ಕೊಳವೆ ಬದುಕಿರುವ ಕಾರಿಗೆ ಹೋಗುತ್ತಿತ್ತು. ಹೊಸದನ್ನು ಹಾಕುವ ದಾರಿಯೇ ಇಲ್ಲದಾಗ ಹಳೆಯದು ಯಾಕೆ ಕೆಟ್ಟಿತೆಂದು ಕೂತು ಯೋಚಿಸುವ ಅಭ್ಯಾಸವಾಯಿತು. ಆ ಚಾಳಿ ಮನೆಯಲ್ಲೂ ಬಿಟ್ಟಿಲ್ಲ. ಊಟಕ್ಕೆ ಕರೆದರೆ ಈ ಮನುಷ್ಯ ಫ್ರಿಜ್ಜಿಗೆ ಕಿವಿಗೊಟ್ಟು ನಿಂತಿರುತ್ತಾರೆ, ಒಮ್ಮೆಯಾದರೂ ತನ್ನ ಮಾತಿಗೆ ಹಾಗೆ ಕಿವಿಗೊಟ್ಟಿದ್ದರೆ ಎನ್ನುವುದು ಹೆಂಡತಿ ಉಮ್ ನಿಬ್ರಾಸರ ದೂರು.

ಇಂಥ ಉಸ್ತಾದರನ್ನೂ ಈ ಬೇಸಿಗೆಯಲ್ಲಿ ಒಂದು ಕಾರು ಚೆನ್ನಾಗಿ ಆಟ ಆಡಿಸಿತು. ಅದು ಹಾಜಿ ಫಿಂಜಾನರದು. ಎಂಬತ್ತರ ದಶಕದ ಅಮೆರಿಕದ ಕಾರು, ಬೆಣ್ಣೆ ಬಣ್ಣ, ಬೀದಿಗೆ ಬಂದರೆ ಅರ್ಧ ಬೀದಿ ಅದರದೇ. ಹಾಜಿಯ ಮನೆಗೆ ಬಂದ ಸೊಸೆಯರೆಲ್ಲ ಈ ಕಾರಿನಲ್ಲೇ ಬಂದಿಳಿದವರು. ಈಗ ಮೊಮ್ಮಗನ ಮದುವೆ. ಗುರುವಾರ ಸಂಜೆ ಅಬುಲ್ ಖಸೀಬ್ ಊರಿನಿಂದ ಮದುಮಗಳು ಬನೀನಳನ್ನು ಕರೆತರಬೇಕು. ಮರುವಾರ ಶೋಕದ ಮುಹರ್ರಂ ಹುಟ್ಟಿದರೆ ಎರಡು ತಿಂಗಳು ಡೋಲು ಮುಟ್ಟುವಂತಿಲ್ಲ, ಹಾಗಾಗಿ ಮದುವೆ ಮುಂದಕ್ಕೆ ಹಾಕುವ ಮಾತೇ ಇಲ್ಲ.

ಹುಡುಗಿಯ ತಾಯಿ ಉಮ್ ಕರ್ರಾರ್ ಕೆಟ್ಟವರಲ್ಲ, ಖಂಡಿತವಾದಿ. ಅವರ ತಂಗಿಯ ಮಗಳು ಹೋದ ಬೇಸಿಗೆ ಮದುವೆ ಕಾರಿನಲ್ಲಿ ಬೆಂದು ಗಂಡನ ಮನೆ ಬಾಗಿಲಲ್ಲೇ ತಲೆ ತಿರುಗಿ ಬಿದ್ದಿದ್ದಳು. ಹಾಜಿಯ ಕಾರಿನ ಎಸಿ ದಾರಿಯಲ್ಲಿ ಕೈ ಕೊಡುತ್ತದೆಂಬ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಹಾಗಿದ್ದರೆ ಮಗಳು ತನ್ನ ತಮ್ಮನ ಹೊಸ ಕಾರಿನಲ್ಲಿ ಬರುತ್ತಾಳೆ, ಹಾಜಿ ಹಿಂದೆ ಬರಲಿ ಎಂದು ಹೇಳಿ ಕಳಿಸಿದರು. ಹಾಜಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಅವರು ಕಾರು ತಂದಾಗಲೆಲ್ಲ ಅದು ಗ್ಯಾರೇಜಿನಲ್ಲಿ ಹಿಮದಂತೆ ತಣ್ಣಗೆ ಬೀಸುತ್ತಿತ್ತು. ಮೊದಲ ಸಲ ಸಣ್ಣದೊಂದು ಸೋರಿಕೆ ಸಿಕ್ಕಿತು, ಉಸ್ತಾ ಮುಚ್ಚಿದರು. ದೂರು ನಿಲ್ಲಲಿಲ್ಲ. ಸ್ವಿಚ್ಚು ಬದಲಿಸಿದರು, ಫ್ಯಾನು ನೋಡಿದರು, ವೈರೆಲ್ಲ ಅಲ್ಲಾಡಿಸಿದರು. ಕೊನೆಗೆ ನಡು ಮಧ್ಯಾಹ್ನ ಹಾಜಿಯ ಪಕ್ಕದಲ್ಲೇ ಕೂತು ಊರು ಸುತ್ತಿದರು. ಎಸಿ ಒಂದು ಕ್ಷಣವೂ ನಿಲ್ಲಲಿಲ್ಲ.

“ನಿಮ್ಮನ್ನ ಕಂಡ್ರೆ ಅದಕ್ಕೆ ಹೆದರಿಕೆ ಉಸ್ತಾ,” ಎಂದರು ಹಾಜಿ. “ನೀವು ಇಳಿದ ಮೇಲೆ ನೋಡಿ ಅದರ ಆಟ.”

ಹಾಜಿ ಸುಳ್ಳು ಹೇಳುವವರಲ್ಲ, ಕಾರೂ ಅಲ್ಲ. ಮತ್ತೆ ತಪ್ಪಿರುವುದು ಎಲ್ಲಿ? ತಮ್ಮ ಕೈಯಲ್ಲೇ ಇರಬಹುದೆಂಬ ಅನುಮಾನ ಉಸ್ತಾದರ ನಿದ್ದೆ ಕೆಡಿಸಿತು. ಮಾರನೆಯ ಬೆಳಿಗ್ಗೆ ಹಾಜಿ ಮತ್ತೆ ಬಂದರು. ಉಸ್ತಾ ಈ ಸಲ ರೇಡಿಯೇಟರಿನ ಮುಂದಿರುವ, ಎಸಿಯ ಬಿಸಿ ಹೊರಹಾಕುವ ಜಾಲಿಯನ್ನು ಬೆರಳಿನಿಂದ ಸವರಿದರು. ಬೆರಳಿಗೆ ಕೆಂಚು ಬಣ್ಣದ ಒಂದು ಎಳೆ ತಾಗಿತು. ಖರ್ಜೂರದ ಮರದ ನಾರು. ಸ್ನಾನದಲ್ಲಿ ಮೈ ಉಜ್ಜಲು ಬಳಸುವ ಇದು ಕಾರಿನ ಮೂತಿಗೆ ಹೇಗೆ ಬಂತು? ಹಾಜಿಯನ್ನು ಕೇಳಲಿಲ್ಲ. ಕೇಳಿದರೆ ಸಿಗದ ಉತ್ತರಗಳೂ ಇರುತ್ತವೆಂದು ಅವರಿಗೆ ಗೊತ್ತು.

ಬುಧವಾರ ಮಧ್ಯಾಹ್ನ, ಊರೆಲ್ಲ ಬಾಗಿಲು ಹಾಕಿ ಮಲಗಿದ ಹೊತ್ತಿನಲ್ಲಿ, ಉಸ್ತಾ ಹೇಳದೆ ಕೇಳದೆ ಹಾಜಿಯ ಮನೆಗೆ ಹೋದರು. ಹಾಜಿ ಕಾರಿನ ಮುಂದೆ ಮಂಡಿಯೂರಿ ಕೂತಿದ್ದರು. ಪಕ್ಕದಲ್ಲಿ ನೀರಿನ ಕೊಡ. ಕೈಯಲ್ಲಿ ನಾರು ತುಂಬಿ ಹೆಣೆದ ಒಂದು ದಪ್ಪ ಚಾಪೆ, ಅದನ್ನು ಕಾರಿನ ಮೂತಿಯ ಹಿಂದೆ, ಜಾಲಿಗೆ ಅಂಟಿಸಿ ಕಟ್ಟುತ್ತಿದ್ದರು. ಹಳೇ ಮನೆಗಳ ಕಿಟಕಿಗೆ ಅಗೂಲ್ ಎಂಬ ಮುಳ್ಳುಗಿಡದ ತಡಿಕೆ ಕಟ್ಟಿ, ನೀರು ಚಿಮುಕಿಸಿ, ತಂಪು ಗಾಳಿ ತೆಗೆದುಕೊಂಡು ಬೆಳೆದ ಜೀವ ಅದು. ಮನೆಗೆ ಆಗುವುದು ಕಾರಿಗೆ ಯಾಕಾಗಬಾರದು? ವಸಂತದಲ್ಲಿ ಎಸಿ ಮೊದಲ ಸಲ ಸೋತಾಗ ಕಟ್ಟಿದ್ದರು, ಸ್ವಲ್ಪ ಗುಣ ಕಂಡಿತ್ತು. ಉಸ್ತಾದರ ಕಣ್ಣಿಗೆ ಬಿದ್ದರೆ ನಾಚಿಕೆಯೆಂದು ಗ್ಯಾರೇಜಿಗೆ ಹೊರಡುವಾಗಲೆಲ್ಲ ಬಿಚ್ಚಿಡುತ್ತಿದ್ದರು, ಅವರನ್ನು ಕೂರಿಸಿಕೊಂಡು ಸುತ್ತಿದ ದಿನವೂ.

ಚಾಪೆ ಒದ್ದೆಯಿರುವಾಗ ಹೇಗೋ ನಡೆಯುತ್ತಿತ್ತು. ಒಣಗಿ ಧೂಳು ಕುಡಿದ ಮೇಲೆ ಗಾಳಿಗೆ ದಾರಿಯೇ ಇಲ್ಲ, ಜಾಲಿ ಕಾದು ಎಸಿ ತಾನೇ ನಿಂತುಬಿಡುತ್ತಿತ್ತು. ಹಾಜಿ ಇಳಿದು ನೀರು ಸುರಿದರೆ ಮತ್ತೆ ಏಳುತ್ತಿತ್ತು. ಹೀಗಾಗಿ ಕಾರನ್ನು ಬದುಕಿಸುತ್ತಿರುವುದು ಚಾಪೆಯೇ ಎಂಬ ಅವರ ನಂಬಿಕೆ ದಿನೇ ದಿನೇ ಬಲವಾಗಿತ್ತು.

ಉಸ್ತಾದರಿಗೆ ನಗು ಉಕ್ಕಿ ಬಂದರೂ ನುಂಗಿಕೊಂಡು ಪಕ್ಕದಲ್ಲಿ ನೆಲದ ಮೇಲೇ ಕೂತರು.

“ಹಾಜಿ, ಇದು ಕಾರಿನ ಮೂಗು. ನೀವು ಪ್ರೀತಿ ಮಾಡಿ ಮಾಡಿ ಮೂಗೇ ಮುಚ್ಚಿಬಿಟ್ಟಿದೀರಿ.”

ಉಸ್ತಾ ಚಾಪೆಯನ್ನು ಬಿಚ್ಚಿ ತೆಗೆದರು. ಹಾಜಿ ಮಕ್ಕಳಿಗೆ ಹೇಳಬೇಡಿ ಎಂದಷ್ಟೇ ಕೇಳಿಕೊಂಡರು. ಒಳಗಿನಿಂದ ಚಹಾ ತಂದ ಮಗ ಏನಾಗಿತ್ತೆಂದು ವಿಚಾರಿಸಿದಾಗ, ಗಾಳಿಗೆ ಏನೋ ಅಡ್ಡ ಬಂದಿತ್ತು, ತೆಗೆದೆ ಎಂದರು ಉಸ್ತಾ. ಅದರಲ್ಲಿ ಸುಳ್ಳೇನಿರಲಿಲ್ಲ. ಈಗ ಹಾಜಿಯೇ ಕಾಫಿಖಾನೆಯಲ್ಲಿ ಕೂತು ಈ ಕಥೆಯನ್ನು ಎಲ್ಲರಿಗೂ ಹೇಳಿ ನಗಿಸುತ್ತಾರೆ.

ಗುರುವಾರ ಸಂಜೆಯೂ ಬಿಸಿಲು ಇಳಿದಿರಲಿಲ್ಲ. ಉಮ್ ಕರ್ರಾರ್ ಕಾರಿನೊಳಗೆ ಕೈಯಿಟ್ಟು ನೋಡಿ, ತುಸು ಹೊತ್ತು ತಡೆದು, ಮಗಳನ್ನು ಕೂರಿಸಿ ತಾವೂ ಪಕ್ಕದಲ್ಲಿ ಕೂತರು. ಮದುಮಗಳ ತಮ್ಮನ ಹೊಸ ಕಾರು ಎಂಜಿನ್ ಚಾಲೂ ಮಾಡಿಕೊಂಡೇ ಹಿಂದೆ ಬಂತು. ದಾರಿಯುದ್ದಕ್ಕೂ ತೊಂದರೆಯಿಲ್ಲ. ಹಾಜಿಯ ಬೀದಿಯ ಬಾಯಲ್ಲಿ ಮಾತ್ರ ಹುಡುಗರು ಕಾರನ್ನು ಅಡ್ಡಗಟ್ಟಿದರು. ಡೋಲು, ಕಹಳೆ, ಕುಣಿತ. ಓಡುವ ಕಾರಿಗೆ ಗಾಳಿ ತಾನಾಗಿ ಸಿಗುತ್ತದೆ, ನಿಂತ ಕಾರಿಗೆ ಸಿಗುವುದಿಲ್ಲ. ಹುಡುಗರೋ ಬಾನೆಟ್ಟಿಗೆ ಮೈಯೊತ್ತಿ ಕುಣಿಯುತ್ತಿದ್ದಾರೆ, ಅವರ ಉದ್ದನೆಯ ಅಂಗಿಗಳು ಕಾರಿನ ಮೂಗನ್ನು ಚಾಪೆಗಿಂತ ಚೆನ್ನಾಗಿ ಮುಚ್ಚಿವೆ. ಸ್ಟೀರಿಂಗ್ ಹಿಡಿದ ಹಾಜಿಯ ಮುಖ ಬಿಳುಚಿತು.

ಉಸ್ತಾ ಚಾಸಿಬ್ ಆಗ ಜನರ ನಡುವೆ ತೂರಿ ಬಂದರು. ಕಾರಿಗೆ ಬೆನ್ನು ಹಾಕಿ, ಎರಡು ಮಾರು ಮುಂದೆ ನಿಂತು, ಎರಡೂ ಕೈ ಅಗಲಿಸಿ ಕುಣಿಯತೊಡಗಿದರು. ಹತ್ತಿರ ಬಂದವರನ್ನೆಲ್ಲ ಎದೆಯಿಂದ, ಮೊಣಕೈಯಿಂದ, ಸೊಂಟದಿಂದ ಹಿಂದಕ್ಕೆ ದೂಡಿದರು. ಹುಡುಗರು ಹೋ ಎಂದು ಕೂಗಿ ಜಾಗ ಬಿಟ್ಟು ವೃತ್ತ ಕಟ್ಟಿದರು. ಮಗಳ ಮದುವೆಯಲ್ಲೂ ಕುಣಿಯದ ಮನುಷ್ಯನಿಗೆ ಇಂದೇನಾಯಿತೆಂದು ಉಮ್ ನಿಬ್ರಾಸ್ ಬಾಯಿಗೆ ಕೈ ಅಡ್ಡ ಹಿಡಿದು ನಿಂತರು.

ಅಷ್ಟರಲ್ಲಿ ಕಾರಿನ ಹಿಂದಿನ ಗಾಜು ಇಳಿಯಿತು. ಉಮ್ ಕರ್ರಾರ್ ತಲೆ ಹೊರಗೆ ಹಾಕಿ ಕೈ ಬೀಸಿದರು. ಡೋಲು ನಿಂತಿತು. ಉಸ್ತಾ ಕುಣಿತ ಬಿಟ್ಟು ಕಾರಿನ ಕಡೆ ತಿರುಗಿದರು.

“ಯಾರಾದ್ರೂ ಒಂದು ಶಾಲು ಕೊಡ್ರಪ್ಪ,” ಎಂದರು ಆಕೆ. “ಹುಡುಗಿ ನಡುಗ್ತಿದಾಳೆ.”

ಆ ಮಾತು ನೆನೆದಾಗಲೆಲ್ಲ ಉಸ್ತಾದರ ಕೆಲಸ ನಿಲ್ಲುತ್ತದೆ. ಈಗಲೂ ಸ್ಪ್ಯಾನರ್ ಕೆಳಗಿಟ್ಟು, ಬೀದಿಯ ಕಡೆ ನೋಡುತ್ತಾ ಒಬ್ಬರೇ ನಗುತ್ತಿದ್ದಾರೆ. ಮುಂದೆ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ.

“ಬಸ್ರಾದ ಬೇಸಿಗೇಲಿ ಒಬ್ಬ ಮದುಮಗಳಿಗೆ ಚಳಿ ಆಯ್ತು. ಇನ್ನೇನು ಬೇಕು ಹೇಳಿ?”