ಜುಂಪಾ ತೋರಿಸಿದ ಮುಖ

ಕುಂದಾಪುರದ ಸರೋಜಿನಿ ದೂರದ ಬಂಗಾಳದ ಬೆಹಾಲಾದ ಆಸ್ಪತ್ರೆಯೊಂದರ ಮಕ್ಕಳ ಕಿಡ್ನಿ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ನರ್ಸ್. ಅಂದು ರಜೆ ಹಾಕಿದವರ ಪಾಳಿಯೂ ಮೇಲೆ ಬಿದ್ದು ಅವಳ ಕಾಲುಗಳು ಸೋತುಹೋಗಿದ್ದವು. ಆದರೂ ನೋವು ಅಳೆಯುವ ಹಾಳೆ ಹಿಡಿದು ಆರು ವರ್ಷದ ಜುಂಪಾಳ ಬಳಿ ಕುಳಿತಳು. ಹಾಳೆಯಲ್ಲಿ ನಗುವ ಮುಖದಿಂದ ಅಳುವ ಮುಖದವರೆಗೆ ಆರು ಚಿತ್ರಗಳಿದ್ದವು. ಎಷ್ಟು ನೋವಿದೆ ಎಂದು ಕೇಳಿದಾಗಲೆಲ್ಲ ಹುಡುಗಿ ನಗುವ ಮುಖವನ್ನೇ ಮುಟ್ಟುತ್ತಿದ್ದಳು. ಆದರೆ ಜ್ವರ ಇಳಿದಿರಲಿಲ್ಲ. ಮೊಣಕಾಲು ಮಡಚಿ, ಬಲಪಕ್ಕೆ ಒತ್ತಿ ಹಿಡಿದೇ ಮಲಗುತ್ತಿದ್ದಳು.

ಸರೋಜಿನಿ, ಹಾಸಿಗೆಯ ಪಕ್ಕದಲ್ಲೇ ಕುಳಿತಿದ್ದ ಜುಂಪಾಳ ತಾಯಿಯನ್ನು ಚಹಾ ಕುಡಿದು ಬರಲು ಕಳಿಸಿ, ಮತ್ತೆ ಹಾಳೆ ಹಿಡಿದಳು. ಈ ಸಲ ಬೆರಳು ಅಳುವ ಮುಖಕ್ಕೆ ಹೋಯಿತು.

"ಇಷ್ಟು ಹೊತ್ತು ಯಾಕೆ ಹೇಳಲಿಲ್ಲ, ಶೋನಾ?" ಎಂದು ಬಂಗಾಳಿಯಲ್ಲಿ ಮುದ್ದಿನಿಂದ ಕೇಳಿದಳು.

"ಇದನ್ನು ತೋರಿಸಿದರೆ ಮಾ ಅಳ್ತಾಳೆ, ದಿದಿ."

ಸರೋಜಿನಿ ಇದನ್ನು ತಿಳಿಸಿದ ಮೇಲೆ ವೈದ್ಯರು ಮತ್ತೆ ಸ್ಕ್ಯಾನ್ ಮಾಡಿಸಿದಾಗ ಬಲ ಕಿಡ್ನಿಯಲ್ಲಿ ಕೀವು ಕಟ್ಟಿದ್ದು ಕಂಡಿತು. ಅದನ್ನು ತೆಗೆದು ಮದ್ದು ಬದಲಿಸಿದ ಮೂರನೇ ದಿನ ಜ್ವರ ಬಿಟ್ಟಿತು.

ಸರೋಜಿನಿ ತಾಯಿಯನ್ನು ಹೊರಗೆ ಕರೆದು, "ಅಳು ಬಂದರೆ ನನ್ನ ಹತ್ತಿರ ಬಾ, ಮಗಳ ಮುಂದೆ ಬೇಡ" ಎಂದಳು. ಆ ಹೆಂಗಸು ಅಲ್ಲೇ ಅವಳ ಭುಜಕ್ಕೊರಗಿ ಅತ್ತುಬಿಟ್ಟಳು. ಅಂದೂ ಎರಡು ಪಾಳಿ ಮುಗಿಸಿ ನಿಲ್ಲಲು ತ್ರಾಣವಿಲ್ಲದಿದ್ದರೂ ಸರೋಜಿನಿ ಗೋಡೆಗೆ ಬೆನ್ನು ಕೊಟ್ಟು ನಿಂತೇ ಇದ್ದಳು.